ಉಳಿಸಿದ ಮೂವತ್ತು ಅಡಿ

ಚಪ್ಪರಕ್ಕೆ ಬೆಂಕಿ ಬರ್ತಾ ಇದೆ ಎಂದು ಹಿತ್ತಲಿನಿಂದ ಯಾರೋ ಕೂಗಿದಾಗ ಶಫೀವುಲ್ಲಾ ಕಿಟಕಿಗೆ ಕನ್ನಡಿ ಒರಗಿಸಿಕೊಂಡು ಗಡ್ಡ ಹೆರೆಯುತ್ತಿದ್ದ. ಅರ್ಧ ಮುಖದ ನೊರೆಯೊಂದಿಗೇ ಹೊರಗೆ ಬಂದು ನೋಡಿದ. ಹಿತ್ತಲಿನ ಮೂಡಲ ಮೂಲೆಯಲ್ಲಿ ಉದ್ದಕ್ಕೆ ಗುಂಡಿ ತೋಡಿ ಅದರ ಮೇಲೆ ಬಿರಿಯಾನಿಯ ದೇಗುಗಳನ್ನು ಕೂರಿಸಿದ್ದರು. ಆಷಾಢದಲ್ಲಿ ಶಿರಾದಲ್ಲಿ ಒಲೆಯನ್ನು ಮೂಡಲಿಗೇ ಹೂಡುವುದು, ಜನರನ್ನು ಪಡುವಲಿಗೇ ಕೂರಿಸುವುದು. ಗಾಳಿ ಎಲ್ಲಿಂದ ಬೀಸುತ್ತದೆ ಎಂದು ಇಲ್ಲಿ ಯಾರೂ ಯಾರನ್ನೂ ಕೇಳುವುದಿಲ್ಲ. ಈ ತಿಂಗಳಿನಲ್ಲಿ ಅದು ಪಡುವಲಿನಿಂದ ಹೊರಟು, ದಾರಿಯಲ್ಲಿ ಸಿಕ್ಕಿದ್ದನ್ನೆಲ್ಲ ಕೆಡವಿಕೊಂಡು ಮೂಡಲಿಗೆ ಹೋಗುತ್ತದೆ, ಅಷ್ಟೆ. ಆದರೆ ಇವತ್ತು ಬೆಳಿಗ್ಗೆ ಅದಕ್ಕೆ ಏನು ಬಂದಿತ್ತೋ, ಒಂದು ಗಳಿಗೆ ನಿಂತು, ಹಿಂದಕ್ಕೆ ತಿರುಗಿತ್ತು. ಗುಂಡಿಯ ಬೆಂಕಿ ದೇಗುಗಳ ಅಡಿಯಿಂದ ಹೊರಗೆ ಚಾಚಿಕೊಂಡು ತೆಂಗಿನ ಗರಿಯ ಚಪ್ಪರದ ಕಡೆಗೆ ಬಾಗಿತ್ತು. ಅಡಿಗೆಯವನು ಒದ್ದೆ ಗೋಣಿಯಿಂದ ಬಡಿಯುತ್ತಿದ್ದ, ಹೆಂಗಸರು ಕೆಮ್ಮುತ್ತ ಮಕ್ಕಳನ್ನು ಎಳೆದುಕೊಂಡು ಓಡುತ್ತಿದ್ದರು. ಒಂದೆರಡು ಗರಿಗಳ ತುದಿ ಚುರುಗುಟ್ಟಿತು. ಅಷ್ಟರಲ್ಲಿ ಗಾಳಿಗೆ ಬುದ್ಧಿ ಬಂದು ಮೊದಲಿನ ಹಾಗೆ ಬೀಸತೊಡಗಿತು. ಎಲ್ಲರೂ ನಕ್ಕರು. ಅಡಿಗೆಯವನು ಗಾಳಿಯ ತಾಯಿಯನ್ನು ಬೈದ. ಶಫಿಯ ಮುಖದ ಮೇಲೆ ನೊರೆ ಒಣಗಿ ಬಿಗಿಯುತ್ತಿತ್ತು. ಅವನು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡ.

ಮೂವತ್ತು ಅಡಿ. ಗೋಪುರದ ಎತ್ತರದಲ್ಲಿ ಮೂವತ್ತು ಅಡಿಯನ್ನು ಕಡಿಮೆ ಮಾಡಿದವನು ತಾನು. ಬೊಂಬಾಯಿಯ ಕಚೇರಿಯಲ್ಲಿ, ಉದ್ದನೆಯ ಮೇಜಿನ ಮೇಲೆ, ಚೂಪಾದ ಪೆನ್ಸಿಲಿನಿಂದ. ಅರಬರ ಕೊಲ್ಲಿಯಲ್ಲಿ ಸಮುದ್ರದ ನಡುವೆ ಎಣ್ಣೆ ತೆಗೆಯುತ್ತಾರೆ. ಕಬ್ಬಿಣದ ಕಾಲುಗಳ ಮೇಲೆ ಒಂದು ದೊಡ್ಡ ಅಟ್ಟಣೆ, ಅದರ ಮೇಲೆ ಯಂತ್ರಗಳು, ಯಂತ್ರಗಳ ಪಕ್ಕದಲ್ಲೇ ಕೆಲಸಗಾರರು ಉಂಡು ಮಲಗುವ ಕೋಣೆಗಳು. ಎಣ್ಣೆಯ ಜೊತೆಗೆ ಬರುವ ಗ್ಯಾಸು ಯಾರಿಗೂ ಬೇಡದ್ದು. ಅದನ್ನು ಹಾಗೇ ಬಿಟ್ಟರೆ ಅಪಾಯ ಎಂದು ಸ್ವಲ್ಪ ದೂರದಲ್ಲಿ ನೀರಿನಲ್ಲೇ ಇನ್ನೊಂದು ಗೋಪುರ ನಿಲ್ಲಿಸಿ, ಅದರ ತುದಿಗೆ ಕೊಳವೆ ಒಯ್ದು, ಹಗಲೂ ರಾತ್ರಿ ಉರಿಸಿಬಿಡುತ್ತಾರೆ. ಫ್ಲೇರ್ ಟವರ್ ಎನ್ನುತ್ತಾರೆ. ಆ ಗೋಪುರದ ಲೆಕ್ಕ ಶಫಿಯದು. ಅಲೆ ಬಡಿದರೆ ಕಾಲು ಎಷ್ಟು ತಡೆದೀತು, ಗಾಳಿ ನೂಕಿದರೆ ಅಡ್ಡಪಟ್ಟಿ ಎಲ್ಲಿ ಬಾಗೀತು, ತುದಿಯ ಉರಿಗೆ ಕಬ್ಬಿಣ ಎಷ್ಟು ಹಿಗ್ಗೀತು, ಎಲ್ಲವನ್ನೂ ಅವನು ನಿಯತ್ತಾಗಿಯೇ ಮಾಡಿದ್ದ. ಅಲ್ಲಿ ಯಾರೂ ಬೆರಳು ತೋರಿಸುವ ಹಾಗಿಲ್ಲ. ಗೋಪುರ ಬೀಳುವುದಿಲ್ಲ. ತೊಂದರೆ ಇರುವುದು ಎತ್ತರದಲ್ಲಿ. ಎತ್ತರ ಹೆಚ್ಚಾದಷ್ಟೂ ಕೆಳಗಿನವರಿಗೆ ಝಳ ಕಡಿಮೆ, ಕಬ್ಬಿಣ ಜಾಸ್ತಿ. ಉರಿ ಯಾವಾಗಲೂ ಮಲಗುವ ಕೋಣೆಗಳಿಂದ ಆಚೆಗೇ ಬಾಗುವುದಾದರೆ ಇಷ್ಟು ಎತ್ತರ ಯಾಕೆ ಎಂದು ಅವನಿಗೆ ಹೊಳೆದಿತ್ತು. ಯಾವ ದಿಕ್ಕಿನಿಂದ ಎಷ್ಟು ಗಾಳಿ ಎಂದು ಹೂವಿನ ಎಸಳಿನ ಹಾಗೆ ಬರೆದ ಕೊಲ್ಲಿಯ ನಕ್ಷೆ ಎದುರಿಗೇ ಇತ್ತು. ವಾಯವ್ಯದ ಕಡೆಗೆ ಒಂದು ದೊಡ್ಡ ಎಸಳು, ಆಗ್ನೇಯದ ಕಡೆಗೆ ಒಂದು ಚಿಕ್ಕ ಎಸಳು. ಚಿಕ್ಕದು ಚಳಿಗಾಲದ್ದು. ಅದನ್ನು ಅವನು ನೋಡಲಿಲ್ಲ ಎನ್ನುವಂತಿಲ್ಲ. ನೋಡಿದ್ದ, ಹಾಳೆ ಮಗುಚಿದ್ದ.

ಮಗುಚಿದ್ದೇಕೆ ಎಂದು ಈಗ ಯಾರಾದರೂ ಕೇಳಿದರೆ ಏನು ಹೇಳುವುದು? ಚಿಕ್ಕಂದಿನಲ್ಲಿ ಅವನ ಅಬ್ಬಾ ಬುಕ್ಕಾಪಟ್ಟಣದ ಕಡೆಯ ಹಳ್ಳಿಗಳಿಗೆ ಸೈಕಲ್ಲಿನ ಮೇಲೆ ಬಟ್ಟೆಯ ಗಂಟು ಹೇರಿಕೊಂಡು ಹೋಗುತ್ತಿದ್ದಾಗ ಶಫಿ ಹಿಂದೆ ಕೂತಿರುತ್ತಿದ್ದ. ಹೋಗುವಾಗ ಗಾಳಿ ಎದುರು, ಅಬ್ಬಾ ಇಳಿದು ತಳ್ಳುತ್ತಿದ್ದರು. ಬರುವಾಗ ಗಾಳಿಯೇ ತಳ್ಳುತ್ತಿತ್ತು, ತುಳಿಯಬೇಕಾಗಿರಲಿಲ್ಲ. ಗಾಳಿ ಎಂದರೆ ಒಂದು ಕಡೆಯಿಂದ ಬಂದು ಇನ್ನೊಂದು ಕಡೆಗೆ ಹೋಗುವುದು ಎಂದು ಅವನ ಬೆನ್ನಿಗೆ ಗೊತ್ತಿತ್ತು. ಆದರೆ ಇದು ಕಾರಣವೇ? ಇಂಜಿನಿಯರಿಂಗ್ ಓದಿದವನಿಗೆ ಬೆನ್ನನ್ನು ಕೇಳಿ ಲೆಕ್ಕ ಮಾಡು ಎಂದು ಯಾರು ಹೇಳಿದ್ದರು? ಅವನಿಗೆ ತನ್ನ ಮೇಲೆಯೇ ರೇಗಿತು. ನಿಜವಾದ ಕಾರಣ ಇನ್ನೂ ಕೆಟ್ಟದ್ದು. ಸೇರಿದ ಹೊಸದರಲ್ಲಿ ಒಂದು ಸಭೆಯಲ್ಲಿ ಅವನು ಸಮುದ್ರದ ಬಗ್ಗೆ ಏನೋ ಕೇಳಿದ್ದ. ಪಕ್ಕದವನು, ನಿಮ್ಮೂರಿನಲ್ಲಿ ಒಂದು ಕೆರೆಯಾದರೂ ತುಂಬುತ್ತದೆಯೇನಪ್ಪ ಎಂದು ನಕ್ಕಿದ್ದ, ಟೀ ತರುವವನೂ ನಕ್ಕಿದ್ದ. ಅವತ್ತಿನಿಂದ ಅವನು ಪ್ರಶ್ನೆ ಕೇಳುವುದನ್ನು ಬಿಟ್ಟ. ಗೋಪುರದ ಎತ್ತರ ಇಳಿಸಿದ ದಿನ ದೊಡ್ಡ ಸಾಹೇಬರು, ಕಪಾಡಿಯಾ, ಎಲ್ಲರ ಎದುರಿಗೆ ಅವನ ಬೆನ್ನು ತಟ್ಟಿ, ಶಫೀವುಲ್ಲಾನನ್ನು ನೋಡಿ ಕಲಿಯಿರಿ ಎಂದಿದ್ದರು. ಪೂರ್ತಿ ಹೆಸರು ಹಿಡಿದು. ಅದುವರೆಗೆ ಅವನು ಆ ಕಚೇರಿಯಲ್ಲಿ 'ಮೈಸೂರು ಸೀಮೆಯವನು' ಆಗಿದ್ದ. ಅವತ್ತು ರಾತ್ರಿ ಆ ಚಿಕ್ಕ ಎಸಳು ನೆನಪಾಗಿತ್ತು. ನೆನಪಾಗಲಿಲ್ಲ ಎಂದು ಸುಳ್ಳು ಹೇಳಿ ಏನು ಪ್ರಯೋಜನ? ಮಗ್ಗುಲು ಬದಲಿಸಿ ಮಲಗಿದ್ದ.

"ಅಮ್ಮಾ, ನಾನು ಪೋಸ್ಟಾಫೀಸಿಗೆ ಹೋಗಿ ಬರ್ತೀನಿ" ಎಂದ ಅವನು, ಉಳಿದರ್ಧ ಮುಖವನ್ನು ಹೇಗೋ ಕೆರೆದುಕೊಂಡು. "ಬೊಂಬಾಯಿಗೆ ಟ್ರಂಕ್ ಕಾಲ್ ಮಾಡಬೇಕು."

ತಾಯಿ ರಹೀಮುನ್ನೀಸಾ ಕೈಯಲ್ಲಿದ್ದ ಈರುಳ್ಳಿಯ ಬುಟ್ಟಿಯನ್ನು ಕುಕ್ಕಿದಳು. "ಇವತ್ತೇ ಆಗಬೇಕಾ ಬೇಟಾ? ಮಧುಗಿರಿಯವರು ಮಧ್ಯಾಹ್ನಕ್ಕೆ ಬರ್ತಾರೆ. ಹುಡುಗಿ ಅಪ್ಪ ಬಂದು ಹುಡುಗ ಎಲ್ಲಿ ಅಂದ್ರೆ ನಾನು ಏನು ಹೇಳ್ಲಿ, ಪೋಸ್ಟಾಫೀಸಲ್ಲಿ ಅಂತ ಹೇಳ್ಲಾ?"

"ಬೇಗ ಬರ್ತೀನಿ."

"ರಜಾ ಕೊಟ್ಟ ಮೇಲೂ ಆ ಸಾಹೇಬ ಪ್ರಾಣ ತಿಂತಾನಲ್ಲ!"

ಸಾಹೇಬ ತಿನ್ನುತ್ತಿಲ್ಲ ಎಂದು ಹೇಳಬೇಕು ಎನಿಸಿತು. ಹೇಳಿದರೆ ಯಾರು ಎಂದು ಕೇಳುತ್ತಾಳೆ. ಅವನು ಚಪ್ಪಲಿ ಮೆಟ್ಟಿಕೊಂಡ. ಆದರೆ ಬಾಗಿಲು ದಾಟುವ ಮೊದಲೇ ಗ್ರಹಚಾರ ಒಕ್ಕರಿಸಿತು. ಮಧ್ಯಾಹ್ನ ಬರಬೇಕಾದ ಹುಡುಗಿಯ ತಂದೆ ಹಬೀಬ್ ಸಾಬರು ಬೆಳಗಿನ ಬಸ್ಸಿಗೇ ಮಧುಗಿರಿಯಿಂದ ಬಂದಿಳಿದಿದ್ದರು. ಅವರನ್ನು ಬಸ್ ಸ್ಟ್ಯಾಂಡಿನಿಂದ ಕರೆತಂದ ಸೋದರಮಾವ ನಸ್ರುಲ್ಲಾ, ಟ್ರಂಕ್ ಕಾಲ್ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಹಬೀಬ್ ಸಾಬರ ಕೊಡೆಯನ್ನು ತಾನೇ ಹಿಡಿದುಕೊಂಡು ಬೀದಿಗಿಳಿದುಬಿಟ್ಟ. "ಬನ್ನಿ, ಬನ್ನಿ. ನಮ್ಮ ಹುಡುಗ ಬೊಂಬಾಯಿ ಜೊತೆ ಮಾತಾಡೋದನ್ನ ನೀವೂ ನೋಡಿ. ಇಂಗ್ಲೀಷು ಅಂದ್ರೆ ಹಂಗೆ ನೀರು ಹರಿದಂಗೆ!" ಎಂದ. ಮಾಮು, ಇದು ಆಫೀಸಿನ ಗುಟ್ಟಿನ ವಿಷಯ ಎಂದು ಶಫಿ ಹಲ್ಲು ಕಚ್ಚಿ ಹೇಳಿದ. ಹಾಗೆ ಹೇಳಿದ್ದೇ ತಪ್ಪಾಯಿತು. ಗುಟ್ಟು ಎಂದ ಮೇಲೆ ನಸ್ರುಲ್ಲಾನ ಎದೆ ಇನ್ನೂ ಉಬ್ಬಿತು. ಕೋಟೆಯ ಬೀದಿಯಲ್ಲಿ ಸಿಕ್ಕಸಿಕ್ಕವರಿಗೆಲ್ಲ, ನಮ್ಮ ಶಫಿ, ಬೊಂಬಾಯಿ, ಸಮುದ್ರದಲ್ಲಿ ದೀಪದ ಕಂಬ ನಿಲ್ಲಿಸ್ತಾನೆ, ಈಗ ಫೋನು ಮಾಡೋಕೆ ಹೋಗ್ತಾ ಇದೀವಿ ಎಂದು ಸಾರಿಕೊಂಡು ನಡೆದ. ದೀಪದ ಕಂಬ ಅಲ್ಲ ಮಾಮು ಎಂದು ಶಫಿ ಒಂದು ಸಲ ತಿದ್ದಿದ. ಮತ್ತೆ, ಇನ್ನೇನು, ಬೆಂಕಿ ಉರಿಯುತ್ತೆ ತಾನೆ ಎಂದ ಮಾವ. ಹಿಂದಿನಿಂದ ಗಾಳಿ ತಳ್ಳುತ್ತಿತ್ತು. ಶಫಿಗೆ ಆ ಗಾಳಿಯ ಮೇಲೆ, ಮಾವನ ಮೇಲೆ, ಪಕ್ಕದಲ್ಲಿ ಏನೂ ಮಾತಾಡದೆ ನಡೆಯುತ್ತಿದ್ದ ಆ ಹಬೀಬ್ ಸಾಬರ ಮೇಲೆ, ಅವರ ಹೊಸ ಟೋಪಿಯ ಮೇಲೆ ಕೂಡ ಸಿಟ್ಟು ಬರುತ್ತಿತ್ತು.

ಪೋಸ್ಟಾಫೀಸಿನ ಜಯರಾಮಯ್ಯ ಗುಬ್ಬಿಯ ಗೂಡಿನಂಥ ಕೌಂಟರಿನ ಹಿಂದೆ ಕೂತು ಕಾಗದಗಳಿಗೆ ಮುದ್ರೆ ಗುದ್ದುತ್ತಿದ್ದ. ಫೋನೂ ಅವನದೇ ಸುಪರ್ದಿನಲ್ಲಿತ್ತು. "ಬೊಂಬಾಯಾ? ಏನ್ ಸಾರ್, ಇಂಗೆ ಬಂದು ಬೊಂಬಾಯಿ ಕೊಡು ಅಂದ್ರೆ ನಾನ್ ಹೆಂಗೆ ಕೊಡ್ಲಿ? ತುಮಕೂರು ಸಿಗ್ಬೇಕು, ತುಮಕೂರಿಂದ ಬೆಂಗಳೂರು ಸಿಗ್ಬೇಕು, ಅವ್ರು ಬೊಂಬಾಯಿ ಹಿಡೀಬೇಕು. ಅರ್ಜೆಂಟ್ ಹಾಕ್ಲಾ?" ಹಾಕಿ ಎಂದ ಶಫಿ. "ಅರ್ಜೆಂಟ್ ಹಾಕಿದ್ರೂ ಅಷ್ಟೇ ಬುಡಿ" ಎಂದು ಜಯರಾಮಯ್ಯ ಹ್ಯಾಂಡಲ್ ತಿರುವಿದ. ಕಾಯುವುದಕ್ಕೆ ಒಂದೇ ಬೆಂಚು. ಅದರ ತುದಿಯಲ್ಲಿ ಮಿಲಿಟರಿಯಲ್ಲಿರುವ ಮಗನ ಕಾಗದ ಬಂತೇನೋ ಎಂದು ನೋಡಲು ಬಂದ ಲಕ್ಕಮ್ಮ ಕೂತಿದ್ದಳು. ಕಾಗದ ಇಲ್ಲ ಎಂದು ಜಯರಾಮಯ್ಯ ಹೇಳಿ ಎಷ್ಟೋ ಹೊತ್ತಾಗಿತ್ತಂತೆ. ಈಗ ಇಷ್ಟು ಜನ ಬಂದ ಮೇಲೆ ಅವಳು ಏಳುವ ಲಕ್ಷಣವೇ ಕಾಣಲಿಲ್ಲ, ಎಲೆ ಅಡಿಕೆಯ ಚೀಲ ಬಿಚ್ಚಿದಳು. ನಸ್ರುಲ್ಲಾ ಅವಳಿಗೂ ಸಮುದ್ರದ ದೀಪದ ಕತೆ ಹೇಳಿದ.

"ಸಮುದ್ರದಾಗೆ ಬೆಂಕಿನಾ? ಯಾತುಕ್ಕಪ್ಪ?" ಎಂದಳು ಲಕ್ಕಮ್ಮ ಶಫಿಯ ಕಡೆ ತಿರುಗಿ. "ನೀರಿಗೆ ಚಳಿ ಆಯ್ತದಾ?"

ಎಲ್ಲರೂ ನಕ್ಕರು. ಶಫಿ ನಗಲಿಲ್ಲ. ಬೊಂಬಾಯಿಯಲ್ಲಿ ಅವನು ಪೆದ್ದು ಪ್ರಶ್ನೆ ಕೇಳಿದವನು, ಇಲ್ಲಿ ಪೆದ್ದು ಪ್ರಶ್ನೆಗೆ ಉತ್ತರ ಕೊಡಬೇಕಾದವನು. ಎರಡು ಕಡೆಯೂ ನಗುವವರು ಬೇರೆ ಯಾರೋ. ಅವನು ಗಡಿಯಾರ ನೋಡಿದ, ಫೋನನ್ನು ನೋಡಿದ. ಹಬೀಬ್ ಸಾಬರು ಅಷ್ಟು ಹೊತ್ತಿಗೆ ಮೊದಲ ಸಲ ಬಾಯಿ ತೆರೆದರು. ಮಧುಗಿರಿಯಲ್ಲಿ ಅವರದು ಬಟ್ಟೆ ಅಂಗಡಿ, ಗಿರಾಕಿಯ ಮುಖ ನೋಡದೆ ಬಟ್ಟೆಯ ಮೇಲೆ ಕಣ್ಣಿಟ್ಟು ಮಾತಾಡುವ ಅಭ್ಯಾಸ. ಈಗಲೂ ನೆಲ ನೋಡುತ್ತ ಕೇಳಿದರು. "ಅಲ್ಲ, ಆ ಕಂಬಕ್ಕೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನಿಮ್ಮ ಮೇಲೆ ಬರುತ್ತಾ, ಕಂಪನಿ ಮೇಲೆ ಬರುತ್ತಾ?"

"ಕಂಪನಿ ಮೇಲೆ" ಎಂದುಬಿಟ್ಟ ನಸ್ರುಲ್ಲಾ. "ಅವನ್ಯಾಕೆ ಹೆಚ್ಚುಕಮ್ಮಿ ಮಾಡ್ತಾನೆ? ಸಾಹೇಬರು ಬೆನ್ನು ತಟ್ಟಿದಾರೆ, ಕೇಳಿ ಬೇಕಾದ್ರೆ."

ಬೆನ್ನು ತಟ್ಟಿದ ವಿಷಯವನ್ನು ಮಾವನಿಗೆ ಹೇಳಿದವನು ಶಫಿಯೇ. ಬಂದ ದಿನವೇ, ಕೈಕಾಲು ತೊಳೆಯುವ ಮೊದಲೇ. ಮೂವತ್ತು ಅಡಿ ಉಳಿಸಿದೆ ಎಂದು ಬೆರಳು ಚಾಚಿ ತೋರಿಸಿದ್ದ. ಅಮ್ಮ ದೃಷ್ಟಿ ತೆಗೆದಿದ್ದಳು. ಆ ಬೆರಳನ್ನು ಕಡಿದು ಹಾಕಬೇಕು ಎನಿಸಿತು ಈಗ. ಕೊಲ್ಲಿಯಲ್ಲಿ ಚಳಿಗಾಲದ ಗಾಳಿ ಆಗ್ನೇಯದಿಂದ ಎದ್ದು ದಿನಗಟ್ಟಲೆ ಬಿಡದೆ ಬೀಸುತ್ತದೆ. ಉರಿ ಆ ಕಡೆ ಬಾಗುತ್ತದೆ, ಮಲಗುವ ಕೋಣೆಗಳ ಕಡೆ. ಅಲ್ಲಿ ಹಿತ್ತಲ ಬಾಗಿಲು ಇರುವುದಿಲ್ಲ, ಮಕ್ಕಳನ್ನು ಎಳೆದುಕೊಂಡು ಓಡುವುದಕ್ಕೆ. ಸುತ್ತ ನೀರು. ಒದ್ದೆ ಗೋಣಿ ಹಿಡಿದು ಯಾರು ಬಡಿಯುತ್ತಾರೆ? ಕೋಣೆಯ ತಗಡಿನ ಗೋಡೆಯ ಮೇಲೆ ಕೈ ಇಟ್ಟು ತಟ್ಟನೆ ಹಿಂದಕ್ಕೆ ಎಳೆದುಕೊಳ್ಳುವ ಒಬ್ಬ ಮನುಷ್ಯ ಅವನಿಗೆ ಕಾಣಿಸುತ್ತಿದ್ದ. ಮುಖ ಮಾತ್ರ ಸ್ಪಷ್ಟವಾಗುತ್ತಿರಲಿಲ್ಲ. ಆ ಮುಖ ಸ್ಪಷ್ಟವಾಗದೆ ಇರಲಿ ಎಂದೇ ಅವನು ಬೇಡಿಕೊಳ್ಳುತ್ತಿದ್ದ.

"ಸಾರ್, ಬಂತು ಬಂತು, ಬನ್ನಿ!" ಎಂದು ಜಯರಾಮಯ್ಯ ಕುರ್ಚಿಯಿಂದ ಎದ್ದೇಬಿಟ್ಟ. ಬೆಂಚು ಖಾಲಿಯಾಗಿ ಎಲ್ಲರೂ ಕೌಂಟರಿಗೆ ಒತ್ತಿಕೊಂಡರು. ಶಫಿ ರಿಸೀವರ್ ಕಿವಿಗಿಟ್ಟ. ಒಳಗೆ ಹುರುಳಿ ಹುರಿದ ಸದ್ದು, ಅದರಾಚೆ ಎಲ್ಲೋ ಕಪಾಡಿಯಾರ ದನಿಯಂಥದ್ದೊಂದು ಏನೋ ಗೊಣಗಿತು. ಸಾರ್, ಶಫೀವುಲ್ಲಾ ಫ್ರಂ ಸಿರಾ, ಎಂದು ಅರಚಿದ. ಆ ಕಡೆಯಿಂದ ಹಲೋ, ಹಲೋ, ಹಲೋ. ಮತ್ತೆ ಅರಚಿದ. ಮತ್ತೆ ಹಲೋ. ಆಗ ಮಧ್ಯದಲ್ಲಿ ಒಂದು ಹುಡುಗಿಯ ದನಿ, ಕಿವಿಯ ಪಕ್ಕದಲ್ಲೇ ನಿಂತು ಮಾತಾಡಿದಷ್ಟು ಸ್ಪಷ್ಟವಾಗಿ, "ಬೆಂಗಳೂರು ಆಪರೇಟರ್ ಸಾರ್. ನಿಮ್ಮ ಮಾತು ಅವರಿಗೆ ಕೇಳ್ತಿಲ್ಲ. ನನಗೆ ಇಬ್ಬರದೂ ಕೇಳುತ್ತೆ. ಏನು ಹೇಳಬೇಕು ಹೇಳಿ, ನಾನು ಹೇಳ್ತೀನಿ" ಎಂದಿತು.

ಅವನು ಬೆಳಗಿನಿಂದ ಮಾತು ಜೋಡಿಸಿಕೊಂಡು ಬಂದಿದ್ದ. ಎಡಗಡೆ ಮಾವನ ಉಸಿರು, ಬಲಗಡೆ ಹಬೀಬ್ ಸಾಬರ ಅತ್ತರು. ಈಗ ಮೂರನೆಯದಾಗಿ ಒಬ್ಬಳು ಗುರುತಿಲ್ಲದ ಹುಡುಗಿ. ತಪ್ಪು ಮಾಡಿದೆ ಎಂದು ಇವಳಿಗೆ ಮೊದಲು ಹೇಳಬೇಕು, ಇವಳು ಅದನ್ನು ಬೊಂಬಾಯಿಗೆ ಹೇಳಬೇಕು. ಅವನು, ಮಾವ ಹೊಗಳಿದ ಆ ಇಂಗ್ಲೀಷಿನಲ್ಲಿ, ಒಂದೊಂದೇ ಪದ ಬಿಡಿಸಿ ಹೇಳಿದ. ಗೋಪುರದ ಎತ್ತರಕ್ಕೆ ಸಂಬಂಧಿಸಿದಂತೆ ಗಾಳಿಯ ದಿಕ್ಕಿನ ಬಗ್ಗೆ ನಾವು ಇಟ್ಟುಕೊಂಡಿರುವ ಊಹೆಯನ್ನು ಬಿಡುವಾದಾಗ ಇನ್ನೊಮ್ಮೆ ಪರಿಶೀಲಿಸುವುದು ಒಳ್ಳೆಯದೆಂದು ತೋರುತ್ತದೆ. ನಾವು. ಊಹೆ. ಬಿಡುವಾದಾಗ. ಒಳ್ಳೆಯದೆಂದು ತೋರುತ್ತದೆ. ಹೇಳುತ್ತಿರುವಾಗಲೇ ಅದು ಎಷ್ಟು ಚೆಂದವಾಗಿ ಕೂತಿದೆ ಎಂದು ಅವನಿಗೆ ಅಸಹ್ಯವಾಯಿತು. ಹುಡುಗಿ ಅದನ್ನು ತರಕಾರಿಯ ಪಟ್ಟಿ ಓದಿದ ಹಾಗೆ ಆ ಕಡೆಗೆ ಓದಿದಳು. ಸ್ವಲ್ಪ ತಡೆದು ಉತ್ತರವನ್ನು ಅದೇ ರಾಗದಲ್ಲಿ ಈ ಕಡೆಗೆ ತಂದಳು. "ಗೋಪುರ ನಿಂತಾಗಿದೆಯಂತೆ ಸಾರ್. ಹೋದ ವಾರ ಹಚ್ಚಿದರಂತೆ. ಉರಿ ಸಮುದ್ರದ ಕಡೆಗೇ ಹೋಗ್ತಿದೆ, ಕಂಪನಿಯವರು ತುಂಬ ಸಂತೋಷವಾಗಿದಾರಂತೆ. ನೀವು ಯೋಚನೆ ಮಾಡಬೇಡಿ, ಮದುವೆ ಮಾಡ್ಕೊಂಡು ಬನ್ನಿ ಅಂತ ಹೇಳ್ತಿದಾರೆ." ಅವನು ಬಾಯಿ ತೆರೆಯುವುದರೊಳಗೆ ಆ ಕಡೆ ಕಟಕ್ಕೆಂದಿತು.

ನಸ್ರುಲ್ಲಾನಿಗೆ ಏನೆಂದು ಹೇಳಬೇಕಾಯಿತು. ಹೇಳಿದ. ಗೋಪುರ ಹಚ್ಚಿದರಂತೆ, ಸಂತೋಷವಂತೆ, ಮದುವೆ ಮಾಡ್ಕೊಂಡು ಬಾ ಅಂದರಂತೆ. ಮಾವ ಹಬೀಬ್ ಸಾಬರನ್ನು ತಬ್ಬಿಕೊಂಡ. ಜಯರಾಮಯ್ಯ ಕೌಂಟರಿನ ಕಂಡಿಯಿಂದ ಕೈ ಹೊರಗೆ ಚಾಚಿ ಶಫಿಯ ಕೈ ಕುಲುಕಿದ. ಸಾಹೇಬರೇ ಬಾಯಿಬಿಟ್ಟು ಹೇಳಿದ ಮೇಲೆ ಇನ್ನು ತಡ ಯಾಕೆ, ಇವತ್ತೇ ತಾರೀಕು ಗೊತ್ತು ಮಾಡೋಣ ಎಂದರು ಹಬೀಬ್ ಸಾಬರು, ಈ ಸಲ ನೆಲ ನೋಡದೆ ಶಫಿಯ ಮುಖವನ್ನೇ ನೋಡಿ. ಅವರ ಕಣ್ಣು ಒಳ್ಳೆಯ ಕಣ್ಣು, ಮೆತ್ತಗಿತ್ತು. ಇಷ್ಟು ಹೊತ್ತು ಅವರ ಮೇಲೆ ಸಿಟ್ಟು ಮಾಡಿಕೊಂಡದ್ದಕ್ಕೆ ಅವನಿಗೆ ನಾಚಿಕೆಯಾಯಿತು. ನಡಿ ನಡಿ, ದೇಗು ಇಳಿಸೋ ಹೊತ್ತು ಎಂದು ಮಾವ ತೋಳು ಹಿಡಿದು ಎಳೆದ. ಶಫಿ ಮೆಟ್ಟಿಲ ತನಕ ಹೋದ. ಹೇಳಿದೆನಲ್ಲ ಎಂದುಕೊಂಡ. ತನ್ನ ಕರ್ತವ್ಯ ಮುಗಿಯಿತು, ದೊಡ್ಡವರು ಬೇಡವೆಂದರು, ಇನ್ನು ಅವರ ತಲೆನೋವು. ನಾಳೆ ಏನಾದರೂ ಆದರೆ, ನಾನು ಶಿರಾದಿಂದ ಅರ್ಜೆಂಟ್ ಕಾಲ್ ಮಾಡಿ ಎಚ್ಚರಿಸಿದ್ದೆ ಎನ್ನಬಹುದು. ಸಾಕ್ಷಿಗೆ ಜಯರಾಮಯ್ಯ ಇದ್ದಾನೆ. ಹೀಗೆ ಒಂದಕ್ಕೊಂದು ಎಷ್ಟು ಸಲೀಸಾಗಿ ಜೋಡಿಸಿಕೊಳ್ಳುತ್ತಿದೆ ತನ್ನ ಬುದ್ಧಿ! ಗೋಪುರದ ಕೀಲುಗಳನ್ನು ಕೂಡ ಅದು ಇಷ್ಟು ಚೆನ್ನಾಗಿ ಜೋಡಿಸಿರಲಿಲ್ಲ. ಬಿಡುವಾದಾಗ! ಬೆಂಕಿ ಹಚ್ಚಿದ್ದಾರಂತೆ, ಇವನು ಬಿಡುವಾದಾಗ ನೋಡಿ ಎಂದನಂತೆ! ಚಳಿಗಾಲ ಬರುವುದರೊಳಗೆ ಆ ಮೂವತ್ತು ಅಡಿಯನ್ನು ಮತ್ತೆ ಏರಿಸಬಹುದು, ಇಲ್ಲವೆಂದರೆ ಕೋಣೆಗಳನ್ನಾದರೂ ಬೇರೆ ಕಡೆಗೆ ಸರಿಸಬಹುದು. ಈಗ ಹೇಳಿದರೆ ಮಾತ್ರ. ಅವನು ಮಾವನ ಕೈ ಕೊಡವಿಕೊಂಡು ಹಿಂದಕ್ಕೆ ಬಂದ.

"ಇನ್ನೊಂದು ಕಾಲ್ ಹಾಕಿ ಜಯರಾಮಯ್ಯನೋರೇ. ಅದೇ ನಂಬರು. ಅರ್ಜೆಂಟ್."

"ಈಗ್ತಾನೆ ಮಾತಾಡಿದ್ರಲ್ಲ ಸಾರ್?"

"ಮಾತಾಡ್ಲಿಲ್ಲ. ಹಾಕಿ."

"ಲೇ ಶಫಿ, ನಿನಗೇನು ತಲೆ ಕೆಟ್ಟಿದೆಯೇನೋ?" ಎಂದು ನಸ್ರುಲ್ಲಾ ಒಳಗೆ ನುಗ್ಗಿದ. "ಬೀಗರು ಬಿಸಿಲಲ್ಲಿ ನಿಂತಿದಾರೆ! ಸಾಹೇಬರು ಶಾಬಾಸ್ ಅಂದ ಮೇಲೆ ಮತ್ತೆ ಏನು ಕೆದಕೋದು?"

"ಶಾಬಾಸ್ ಅನ್ನೋ ಕೆಲಸ ನಾನು ಮಾಡಿಲ್ಲ ಮಾಮು. ನಾನು ತಪ್ಪು ಮಾಡಿದೀನಿ."

ನಸ್ರುಲ್ಲಾ ಬಾಗಿಲ ಕಡೆ ನೋಡಿದ. ಹಬೀಬ್ ಸಾಬರಿಗೆ ಕೇಳಿಸಿತ್ತು. ಮೆಲ್ಲಗೆ ಎಂದು ಮಾವ ತುಟಿಯಲ್ಲೇ ಅಂದ. ಮೆಲ್ಲಗೆ ಹೇಳಿಯೇ ಅಲ್ಲವೇ ಇಷ್ಟಾದದ್ದು! ಶಫಿ ಬೆಂಚಿನ ಮೇಲೆ ಕುಕ್ಕರಿಸಿದ. ಹಬೀಬ್ ಸಾಬರು ಒಳಗೆ ಬಂದು ನಸ್ರುಲ್ಲಾನ ಕೈಯಿಂದ ತಮ್ಮ ಕೊಡೆಯನ್ನು ತೆಗೆದುಕೊಂಡರು. ಮನೆಗೆ ಹೋಗುತ್ತಾರೋ ಬಸ್ ಸ್ಟ್ಯಾಂಡಿಗೆ ಹೋಗುತ್ತಾರೋ ಅವರೂ ಹೇಳಲಿಲ್ಲ, ಇವನೂ ಕೇಳಲಿಲ್ಲ. ಮಾವ, ಭಾಯಿ ಭಾಯಿ ಎನ್ನುತ್ತ ಅವರ ಹಿಂದೆ ಓಡಿದ. ಮನೆಯಲ್ಲಿ ಅಮ್ಮ ಬಾಗಿಲಿಗೆ ಬಂದು ಬಂದು ನೋಡುತ್ತಿರುತ್ತಾಳೆ. ಅವಳಿಗೆ ಏನು ಹೇಳುವುದು ಎಂದು ಯೋಚಿಸಲು ಹೊರಟು ಬಿಟ್ಟುಬಿಟ್ಟ. ಒಂದು ದಿನಕ್ಕೆ ಒಬ್ಬ ಮನುಷ್ಯ ಎಷ್ಟು ಜನಕ್ಕೆ ಅಂತ ಹೇಳಿಕೊಂಡಾನು. ಲಕ್ಕಮ್ಮ ಅವನ ಕಡೆಗೆ ಎಲೆ ಅಡಿಕೆ ಚಾಚಿದಳು. ಬೇಡ ಎಂದು ರೇಗಿದ. "ಹೋಗ್ಲಿ ಬುಡಪ್ಪ, ನನ್ ಮ್ಯಾಲೆ ಯಾಕೆ ಎಗರಾಡ್ತೀಯಾ" ಎಂದು ತಾನೇ ಹಾಕಿಕೊಂಡಳು. ಜಯರಾಮಯ್ಯ ಊಟದ ಡಬ್ಬಿ ಬಿಚ್ಚಿದ, ಮುಚ್ಚಿದ, ಮತ್ತೆ ಹ್ಯಾಂಡಲ್ ತಿರುವಿದ. ತುಮಕೂರು ಸಿಕ್ಕಿತು, ಹೋಯಿತು. ಬೆಂಗಳೂರು ಸಿಕ್ಕಿತು, ಹೋಯಿತು. ಹೊರಗೆ ಗಾಳಿ ಪೋಸ್ಟಾಫೀಸಿನ ಬೋರ್ಡನ್ನು ಬಡಬಡ ಬಡಿಯುತ್ತಿತ್ತು. ಸುಮ್ಮನಿರಬಾರದೇ ಒಂದು ಕ್ಷಣ ಎಂದು ಅವನು ಅದನ್ನೂ ಬೈದ. ಕೊನೆಗೆ ಜಯರಾಮಯ್ಯ ಅನ್ನ ಮೆತ್ತಿದ ಕೈಯನ್ನು ದೂರ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ರಿಸೀವರನ್ನು ಅವನ ಕಡೆಗೆ ಚಾಚಿದ.

"ಸಿರಾ? ಬೊಂಬಾಯಿ ಲೈನಲ್ಲಿದೆ ಸಾರ್" ಎಂದಳು ಅದೇ ಹುಡುಗಿ. "ಈಗಲೂ ಅವರಿಗೆ ನಿಮ್ಮ ಮಾತು ಕೇಳಲ್ಲ. ಆಗಿಂದೇ ಇನ್ನೊಂದು ಸಲ ಹೇಳಿಬಿಡ್ಲಾ? ಬರೆದಿಟ್ಕೊಂಡಿದೀನಿ."

"ಬೇಡ. ಅದು ಬೇಡ" ಎಂದ ಶಫಿ. ಇಂಗ್ಲೀಷಿನಲ್ಲಿ ಶುರು ಮಾಡಿದ, ಮತ್ತೆ ಅದೇ ನಯ ನಾಲಿಗೆಗೆ ಬರುತ್ತಿದೆ ಅನಿಸಿ ನಿಲ್ಲಿಸಿದ. "ಕನ್ನಡದಲ್ಲಿ ಹೇಳ್ತೀನಮ್ಮ, ನೀವೇ ಅವರಿಗೆ ಹೇಳಿ. ಚಳಿಗಾಲದಲ್ಲಿ ಅಲ್ಲಿ ಗಾಳಿ ತಿರುಗುತ್ತೆ. ನನಗೆ ಗೊತ್ತಿತ್ತು. ಗೊತ್ತಿದ್ದೂ ಗೋಪುರ ಗಿಡ್ಡ ಮಾಡಿದೆ. ಜನ ಮಲಗೋ ಕಡೆಗೆ ಬೆಂಕಿ ಇಟ್ಟಿದೀನಿ. ಹಾಗಂತ ಹೇಳಿ. ಶಫೀವುಲ್ಲಾ ಇಟ್ಟಿದಾನೆ ಅಂತ ಹೆಸರು ಹಿಡಿದು ಹೇಳಿ."

ಲೈನಿನಲ್ಲಿ ಹುರಿಯುವ ಸದ್ದು ಜೋರಾಯಿತು. ಕಡಿದುಹೋಯಿತೇನೋ ಎಂದು ಅವನು ರಿಸೀವರನ್ನು ಇನ್ನೂ ಒತ್ತಿ ಹಿಡಿದ. ಆ ಕಡೆ ಕಪಾಡಿಯಾ ಹಲೋ ಹಲೋ ಎನ್ನುತ್ತಿದ್ದುದು ತೆಳ್ಳಗೆ ಕೇಳಿಸಿತು. ಹುಡುಗಿ ಅವರಿಗೆ ಇನ್ನೂ ಏನೂ ಹೇಳಿರಲಿಲ್ಲ.

"ಎಷ್ಟು ಜನ ಇದಾರೆ ಸಾರ್ ಅಲ್ಲಿ?" ಎಂದು ಕೇಳಿದಳು. ಅದು ಆಪರೇಟರಿನ ದನಿಯಾಗಿರಲಿಲ್ಲ.

ಮಲಗುವ ಕೋಣೆಗಳ ನಕ್ಷೆಯಲ್ಲಿ ಮಂಚಗಳನ್ನು ಸಾಲಾಗಿ ಚಿಕ್ಕ ಚಿಕ್ಕ ಚೌಕಗಳಾಗಿ ಬರೆದಿದ್ದರು. ಅವನು ಎಂದೂ ಎಣಿಸಿರಲಿಲ್ಲ.

"ಗೊತ್ತಿಲ್ಲಮ್ಮ" ಎಂದ. "ನಾನು ಕೇಳಲೇ ಇಲ್ಲ."

"ಲೈನ್ ಬಿಡಬೇಡಿ ಸಾರ್" ಎಂದಳು ಹುಡುಗಿ. ಆಮೇಲೆ ಬೊಂಬಾಯಿಯ ಕಡೆಗೆ ತಿರುಗಿ, ಅವರ ಹಲೋವನ್ನು ನಡುವೆಯೇ ತಡೆದು, ಗಟ್ಟಿಯಾಗಿ ಅವನ ಹೆಸರು ಹೇಳಿದಳು.